ಉದ್ಘಾಟನೆಯಾಗದ ನೀರು

ಆ ಬೇಸಿಗೆಯಲ್ಲಿ ನನ್ನ ಕೆಲಸ ಇಷ್ಟೇ ಆಗಿತ್ತು. ಆ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಊರಿನವರಿಗೆ ಕನ್ನಡದಲ್ಲಿ ಹೇಳುವುದು, ಊರಿನವರು ಹೇಳಿದ್ದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳುವುದು. ಸಾಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಪಾಠ ಮಾಡುವ ನನಗೆ ಅದೇನು ಮಹಾ ಅನ್ನಿಸಿತ್ತು. ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು. ಮನೆಯಲ್ಲಿ ಕೂತು ಹಪ್ಪಳಕ್ಕೆ ಕಾಗೆ ಕಾಯುವುದಕ್ಕಿಂತ ವಾಸಿ ಎಂದುಕೊಂಡು ಒಪ್ಪಿಕೊಂಡೆ. ಮಳೆ ಹಿಡಿಯುವ ಹೊತ್ತಿಗೆ ಎರಡೂ ಭಾಷೆಯಲ್ಲಿ ಬೈಸಿಕೊಂಡಾಗಿತ್ತು.

ಹೊಸನಗರ ತಾಲೂಕಿನಲ್ಲಿ ಶರಾವತಿ ಹಿನ್ನೀರಿನ ದಂಡೆಗೆ ಒಂದು ಸಣ್ಣ ಊರಿದೆ. ಅಲ್ಲಿಗೆ ಕುಡಿಯುವ ನೀರನ್ನು ಶುದ್ಧ ಮಾಡುವ ಒಂದು ಘಟಕ ಹಾಕಿಸಲು ಬೆಂಗಳೂರಿನ ಸಂಸ್ಥೆಯೊಂದು ಮುಂದೆ ಬಂದಿತ್ತು. ಕೆಲಸ ನೋಡಿಕೊಳ್ಳಲು ಫಿನ್‌ಲೆಂಡಿನಿಂದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ ಬರುತ್ತಾಳೆ, ಅವಳ ಓದಿನ ಭಾಗವಾಗಿ ಇಂಟರ್ನ್‌ಷಿಪ್ ಅಂತೆ, ಅವಳ ಜೊತೆ ಇರಿ ಎಂದು ನನಗೆ ಹೇಳಿದ್ದರು. ಬೆಳಗಿನ ರೈಲಿಗೆ ಸಾಗರದ ಸ್ಟೇಷನ್ನಿನಲ್ಲಿ ಇಳಿದವಳನ್ನು ನೋಡಿದೆ. ನನಗಿಂತ ಒಂದು ಮೊಳ ಎತ್ತರ, ಬಿಸಿಲಿಗೆ ಆಗಲೇ ಕೆಂಪಾದ ಮೂಗು, ಬೆನ್ನಿಗೆ ಬಟ್ಟೆಯ ಚೀಲ, ಕೈಯಲ್ಲಿ ಹೊರಲಾರದಷ್ಟು ಭಾರದ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನಿದೆ ಎಂದರೆ ಸ್ಪ್ಯಾನರುಗಳು ಎಂದಳು. "ಸಾಗರದಲ್ಲಿ ಸಿಗುತ್ತಿತ್ತಲ್ಲ" ಎಂದೆ. "ನನ್ನವು ನನ್ನ ಕೈಗೆ ಗೊತ್ತು" ಎಂದಳು. ಕಾಫಿ ಕುಡಿಯೋಣ ಎಂದರೆ ಮೊದಲು ಜಾಗ ನೋಡೋಣ ಎಂದಳು.

ಆ ಊರಿನವರ ಅಜ್ಜಂದಿರ ಗದ್ದೆಗಳು ಅಣೆಕಟ್ಟಿನ ನೀರಿನಡಿ ಹೋಗಿದ್ದವು. ಗುಡ್ಡದ ಮೇಲಕ್ಕೆ ಬಂದು ಕೂತವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿದ್ದಾರೆ. ಕೆಲವರಿಗೆ ಸ್ವಲ್ಪ ಜಮೀನು, ಕೆಲವರು ಹೊಸನಗರದಲ್ಲಿ ಅಂಗಡಿ ಇಟ್ಟವರು, ಒಬ್ಬಿಬ್ಬರು ಬಸ್ ಡ್ರೈವರುಗಳು. ಊರಿನ ಕೆಳಗೆ ಕಣ್ಣು ಹಾಯುವಷ್ಟೂ ನೀರು. ಊರೊಳಗೆ ಇದ್ದದ್ದು ಒಂದೇ ಬಾವಿ, ಬೇಸಿಗೆಯಲ್ಲಿ ಅದರ ತಳದಲ್ಲಿ ಕೆಸರು ಬಣ್ಣದ ನೀರು. ಮಳೆಗಾಲ ಶುರುವಾಗುತ್ತಲೇ ಯಾರಾದರೊಬ್ಬರಿಗೆ ಕಾಮಾಲೆ ಆಗದೆ ಇರುತ್ತಿರಲಿಲ್ಲ.

ಹುಡುಗಿಗೆ ಉಳಿಯಲು ಜಾಗ ಕೊಟ್ಟವರು ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಹಿಂದಿನ ವರ್ಷ ಅವರ ಮಗಳು ಪಿಯುಸಿ ಓದುವಾಗ ಕಾಮಾಲೆಯಾಗಿ ಮಲಗಿ, ಪರೀಕ್ಷೆಯನ್ನೇ ಬರೆಯಲಾಗಿರಲಿಲ್ಲ. ಈ ಘಟಕ ಬೇಕು ಎಂದು ಹಟ ಹಿಡಿದು ಓಡಾಡಿದವರು ಅವರೇ. ಮೊದಲ ದಿನ ಜಗಲಿಯಲ್ಲಿ ನಿಂತು ಹುಡುಗಿ ಹಿನ್ನೀರಿನತ್ತ ಕೈ ತೋರಿಸಿದಳು. "ಅಷ್ಟು ನೀರಿದೆಯಲ್ಲ, ಅಲ್ಲಿಂದಲೇ ತೆಗೆದುಕೊಳ್ಳಬಹುದಲ್ಲ?"

ನಾನು ಕನ್ನಡದಲ್ಲಿ ಕೇಳಿದೆ. ಅಧ್ಯಕ್ಷೆ ನಕ್ಕರು. "ಅದು ಕರೆಂಟಿನ ನೀರು ಕಣ್ರಾ, ನಮ್ದಲ್ಲ. ಅದಕ್ಕೆ ಪೈಪ್ ಹಾಕಾಕೆ ಪರ್ಮಿಷನ್ ಕೇಳ್ತಾ ಹೋದ್ರೆ ನನ್ ಮಗಳ ಮದ್ವೆ ಆಗಿ ಮೊಮ್ಮಕ್ಕಳೂ ಆಗಿರ್ತಾವೆ."

ಹುಡುಗಿ ನಗಲಿಲ್ಲ. ಇದನ್ನು ನೀವು ತಮಾಷೆಗೆ ಹೇಳಿದಿರೋ ಅವರು ಹೇಳಿದರೋ ಎಂದು ನನ್ನನ್ನು ಕೇಳಿದಳು.

ಊರಿನ ಮೇಲಿನ ಗುಡ್ಡದಲ್ಲಿ ವರ್ಷವಿಡೀ ಬತ್ತದ ಒಂದು ಒರತೆ ಇತ್ತು. ಕೊಡದಲ್ಲಿ ಹಿಡಿದರೆ ತಳ ಕಾಣುವಂಥ ನೀರು. ಅಲ್ಲಿಂದ ಪೈಪು ಹಾಕಿದರೆ ಪಂಪು ಬೇಡ, ಕರೆಂಟು ಬೇಡ, ತಾನಾಗಿ ಇಳಿದು ಬರುತ್ತದೆ ಎಂದು ಹುಡುಗಿ ಲೆಕ್ಕ ಹಾಕಿದಳು. ಅಂಗನವಾಡಿಯ ಪಕ್ಕದಲ್ಲಿ ಟ್ಯಾಂಕು, ಅದರಡಿ ಮರಳು ಜಲ್ಲಿಯ ಸೋಸುಪೆಟ್ಟಿಗೆ, ಅದಾದ ಮೇಲೆ ಕ್ರಿಮಿ ಕೊಲ್ಲುವ ಯುವಿ ದೀಪ, ಕೊನೆಗೆ ನಾಲ್ಕು ನಲ್ಲಿ. ಆ ದೀಪಕ್ಕೆ ಬೇಕಾದಷ್ಟು ಕರೆಂಟು ಸಣ್ಣ ಸೋಲಾರಿನಿಂದಲೂ ಆಗುತ್ತಿತ್ತು. ಆದರೆ ಒರತೆ ಇದ್ದದ್ದು ಒಬ್ಬ ತೋಟದ ಯಜಮಾನರ ಜಾಗದಲ್ಲಿ. ಪೈಪು ಅವರ ತೋಟದ ಅಂಚಿನಲ್ಲೇ ಹಾದುಬರಬೇಕು.

ಹುಡುಗಿ, ಅಧ್ಯಕ್ಷೆ, ನಾನು ಮೂವರೂ ಅವರ ಮನೆಗೆ ಹೋದೆವು. ಯಜಮಾನರು ಒಳ್ಳೆಯವರು. ಕೋಕಂ ಪಾನಕ ಕೊಟ್ಟರು. ನನ್ನ ತವರುಮನೆ ಯಾವುದೆಂದು ಗೊತ್ತಾಗುತ್ತಲೇ ನಮ್ಮವರು ಮನೆಯೊಳಗೆ ಆಡುವ ಕನ್ನಡಕ್ಕೆ ಹೊರಳಿದರು. ನಮ್ಮ ಅಜ್ಜಿಯ ತಂಗಿಯನ್ನು ಅವರ ಕಡೆ ಕೊಟ್ಟಿದ್ದಂತೆ. ಆ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರು ಎಂಬಲ್ಲಿಗೆ ಮಾತು ಹೋಯಿತು. ಹುಡುಗಿ ನನ್ನ ಮುಖ, ಅವರ ಮುಖ ನೋಡುತ್ತಿದ್ದಳು.

"ಇಷ್ಟು ಹೊತ್ತು ಏನು ಹೇಳಿದರು?"

"ನನ್ನ ಅಜ್ಜಿಯ ತಂಗಿಯ ವಿಚಾರ."

"ಪೈಪು?"

"ಪೈಪಿನ ಹತ್ತಿರ ಇನ್ನೂ ಬಂದಿಲ್ಲ."

ಕೊನೆಗೆ ನಾನೇ ಪೈಪಿನ ಮಾತು ತೆಗೆದೆ. ಯಜಮಾನರು ಎಲೆ ಅಡಿಕೆಯ ಕವಳ ಹಾಕುತ್ತ, "ಯಂಗೆ ಎಂತ ಅಡ್ಡಿ ಇಲ್ಲೆ. ನೀರು ಎಲ್ಲರದ್ದೂ ಅಲ್ದ. ತಮ್ಮಂಗೊಂದು ಮಾತು ಕೇಳವು. ನೋಡನ" ಎಂದರು.

ಈ 'ನೋಡೋಣ' ಎಂಬ ಮಾತನ್ನು ಇಂಗ್ಲಿಷಿಗೆ ಹೇಗೆ ತರುವುದು? ತರಗತಿಯಲ್ಲಾಗಿದ್ದರೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಅದು ಹೂಂ ಆಗಬಹುದು, ಊಹೂಂ ಆಗಬಹುದು, ಇವತ್ತಿಗೆ ಎದ್ದು ಹೋಗಿ ಎಂದೂ ಆಗಬಹುದು. ಇದನ್ನೆಲ್ಲ ಹುಡುಗಿಗೆ ವಿವರಿಸಿದೆ. ಅವಳು, "ನಾನು ಕೇಳಿದ್ದು ಹೌದೋ ಅಲ್ಲವೋ ಎಂದಷ್ಟೇ" ಎಂದಳು.

ಹೊರಗೆ ಬಂದು ಬೇಲಿಯ ದಣಪೆ ದಾಟುವಾಗ ಅಧ್ಯಕ್ಷೆ ನನ್ನತ್ತ ತಿರುಗದೆಯೇ ಕೇಳಿದರು. "ಮೇಡಂ, ನಿಮ್ ನಿಮ್ ಮಾತಲ್ಲಿ ಎಂತ ಮಾತಾಡ್ಕಂಡ್ರಿ?"

"ಪೈಪಿಗೆ ಅಡ್ಡಿಯಿಲ್ಲ ಅಂದ್ರು. ತಮ್ಮನ್ನ ಕೇಳ್ಬೇಕಂತೆ."

"ಅಷ್ಟು ಹೇಳಾಕೆ ಅಷ್ಟು ಹೊತ್ತು ಬೇಕಾ?"

ಅವರು ಕೇಳಿದ್ದರಲ್ಲಿ ತಪ್ಪು ಇರಲಿಲ್ಲ. ತಲೆಮಾರುಗಳಿಂದ ಯಜಮಾನರ ಮನೆಗೂ ಅಧ್ಯಕ್ಷೆಯ ಮನೆಗೂ ನಡುವೆ ಏನೇನು ನಡೆದಿತ್ತೋ, ಅದರ ನಡುವೆ ನಾನು ಹೋಗಿ ನಿಂತಿದ್ದೆ. ಅಧ್ಯಕ್ಷೆಯ ಕಣ್ಣಿಗೆ ನಾನು ಯಜಮಾನರ ಕಡೆಯವಳು, ಯಜಮಾನರ ಕಣ್ಣಿಗೆ ಊರಿನವರ ಪರ ವಾದಿಸಲು ಬಂದ ನೆಂಟರ ಮನೆಯವಳು, ಹುಡುಗಿಯ ಕಣ್ಣಿಗೆ ಅರ್ಧ ಮಾತು ನುಂಗುವ ದುಭಾಷಿ. ಸಂಜೆ ಸಾಗರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ನಾಳೆ ಬರುವುದೇ ಬೇಡ ಅನ್ನಿಸಿತು. ಬೆಳಿಗ್ಗೆ ಮತ್ತೆ ಹೋದೆ.

ಯಜಮಾನರ ತಮ್ಮ ಇವತ್ತು ಸಿಗುತ್ತಾರೆ, ನಾಡಿದ್ದು ಸಿಗುತ್ತಾರೆ ಎನ್ನುತ್ತ ದಿನಗಳು ಹೋದವು. ನಾನು ಒಬ್ಬಳೇ ಎರಡು ಸಲ ಹೋಗಿ ಕೂತು ಬಂದೆ. ಕೊನೆಗೆ ಯಜಮಾನರೇ ಸಂಕೋಚಪಡುತ್ತ ಹೇಳಿದರು. "ತಮ್ಮ ಒಪ್ತ್ನಿಲ್ಲೆ. ನೀರು ಕೊಡಕ್ಕೆ ಬೇಜಾರಿಲ್ಲೆ ಕೂಸೆ. ಇವತ್ತು ಪೈಪು ಬತ್ತು, ನಾಳೆ ಅದರ ಹಿಂದೆ ಹಕ್ಕು ಬತ್ತು, ನಾಡಿದ್ದು ದಾರಿ ಬತ್ತು ಹೇಳ್ತ."

ಪೈಪಿನ ಹಿಂದೆ ಹಕ್ಕು ಬರುತ್ತದೆಂಬ ಭಯವಿದ್ದರೆ ಕರಾರು ಬರೆದುಕೊಡೋಣ ಎಂದೆ. ಬೇಕಾದರೆ ಪೈಪು ಕಿತ್ತು ಹಾಕುವ ಹಕ್ಕನ್ನೂ ಅವರಿಗೇ ಕೊಡೋಣ ಎಂದೆ. ಅವರು ತಲೆಯಾಡಿಸುತ್ತಲೇ ಇದ್ದರು. ಎಷ್ಟು ಮರ್ಯಾದೆಯಿಂದ ಇಲ್ಲ ಎನ್ನುತ್ತಿದ್ದರೆಂದರೆ ಸಿಟ್ಟು ತೋರಿಸಲೂ ದಾರಿ ಇರಲಿಲ್ಲ.

ಆ ಸುದ್ದಿ ಕೇಳಿದ್ದೇ ಹುಡುಗಿ ಅಂಗನವಾಡಿಯ ಹಿಂದೆ ಹೋಗಿ ಒಂದು ಜಂಬಿಟ್ಟಿಗೆ ಕಲ್ಲನ್ನು ಎತ್ತಿ ನೆಲಕ್ಕೆ ಬಡಿದಳು. ಕಲ್ಲು ಎರಡು ಹೋಳಾಯಿತು. ಆಮೇಲೆ ಬಂದು, "ಸರಿ, ಬಾವಿ" ಎಂದಳು.

ಬಾವಿ ಎಂದರೆ ಪಂಪು, ಪಂಪು ಎಂದರೆ ಕರೆಂಟು. ನಮ್ಮ ಕಡೆಯ ಕರೆಂಟಿನ ಗುಣ ಅವಳಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಸಂಜೆಯಾದರೆ ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ ಕಾಣುವಷ್ಟು ವೋಲ್ಟೇಜು. ಸೋಲಾರಿನ ಮಾತು ಎತ್ತಿದರೆ ಈಗ ಪಂಪಿಗೂ ಸೇರಿಸಿ ಅಷ್ಟು ದೊಡ್ಡದು ಯೋಜನೆಯಲ್ಲಿ ಇಲ್ಲ ಎಂದು ಬೆಂಗಳೂರಿನ ಸಂಸ್ಥೆಯವರು ಫೋನಿನಲ್ಲಿ ಹೇಳಿದರು. ಸ್ಟೆಬಿಲೈಜರ್ ಹುಡುಕಿಕೊಂಡು ನಾವಿಬ್ಬರೂ ತೀರ್ಥಹಳ್ಳಿಗೆ ಹೋದೆವು. ದಾರಿಯ ತಿರುವುಗಳಿಗೆ ಹುಡುಗಿ ಕಿಟಕಿಯಲ್ಲಿ ವಾಂತಿ ಮಾಡಿಕೊಂಡಳು. ಅಂಗಡಿಯವನು ಬೇಕಾದ್ದು ನಿನ್ನೆಯಷ್ಟೇ ಖಾಲಿಯಾಯಿತು ಎಂದ. ಅದೇ ದಾರಿಯಲ್ಲಿ ಮತ್ತೊಂದು ದಿನ ಹೋಗಿ ತಂದೆವು.

ಕೆಸರು ತೆಗೆದು ಬಾವಿ ಬಳಿದದ್ದು ಮಾತ್ರ ಆ ಬೇಸಿಗೆಯ ಒಳ್ಳೆಯ ದಿನ. ಸಂಘದ ಹೆಂಗಸರೆಲ್ಲ ಬಂದರು. ಗಂಡಸರು ಕೆಳಗಿಳಿದು ಕೆಸರು ತುಂಬಿ ಕೊಟ್ಟರು, ಹೆಂಗಸರು ಸಾಲಾಗಿ ನಿಂತು ಬುಟ್ಟಿ ಸಾಗಿಸಿದರು. ಹುಡುಗಿ ಸಾಲಿನ ನಡುವೆ ಪ್ಯಾಂಟು ಮಡಚಿಕೊಂಡು ನಿಂತಿದ್ದಳು. ಬುಟ್ಟಿ ತಡವಾದರೆ "ಬೇಗ, ಬೇಗ" ಎಂದು ಅವಳೇ ಕನ್ನಡದಲ್ಲಿ ಕೂಗುತ್ತಿದ್ದಳು. ನನಗೆ ಅನುವಾದ ಮಾಡುವುದಕ್ಕೇನೂ ಇರಲಿಲ್ಲ, ನಾನೂ ಬುಟ್ಟಿ ಎತ್ತಿದೆ. ಕೊಳೆ ಬೀಳದಿರಲೆಂದು ಬಾವಿಯ ಬಾಯಿಗೆ ಕಾಂಕ್ರೀಟಿನ ಮುಚ್ಚಳ ಹಾಕಿಸಿದೆವು. ರಿಪೇರಿಗೆಂದು ಒಂದು ಸಣ್ಣ ಕಿಂಡಿ ಬಿಟ್ಟೆವು. ಹಗ್ಗ, ರಾಟೆ ತೆಗೆದರು. ಇನ್ನು ನಲ್ಲಿಯೇ ಬರುತ್ತದಲ್ಲ, ರಾಟೆ ಯಾಕೆ?

ಟ್ಯಾಂಕು, ದೀಪ, ಸೋಸುಪೆಟ್ಟಿಗೆ ಎಲ್ಲ ಕೂತ ಮೇಲೆ ಹುಡುಗಿ ನೀರಿನ ಪರೀಕ್ಷೆ ಮಾಡಿದಳು. ಔಷಧಿ ಇರುವ ಸಣ್ಣ ಬಾಟಲಿಗಳು ಅವು. ಕೆಟ್ಟ ನೀರು ಹಾಕಿಟ್ಟರೆ ಮರುದಿನಕ್ಕೆ ಕಪ್ಪಾಗುತ್ತವೆ. ಬಾವಿಯ ನೀರಿನದು ಕಾಡಿಗೆಯಂತೆ ಕಪ್ಪಾಯಿತು. ನಲ್ಲಿಯದು ಔಷಧಿಯದೇ ತಿಳಿ ಚಹಾದ ಬಣ್ಣದಲ್ಲಿ ಉಳಿಯಿತು. ಅಧ್ಯಕ್ಷೆ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಪ್ಪು ಬಾಟಲಿಯನ್ನು ಮಗಳಿಗೆ ತೋರಿಸಿ, "ಇದನ್ನ ಕುಡಿಸಿದ್ದೆ ನಿಂಗೆ" ಎಂದರು. ಮಗಳು "ಅಮ್ಮ, ಸಾಕು ಬಿಡು" ಎಂದು ಬಾಟಲಿಯನ್ನು ಕಿತ್ತು ಅತ್ತ ಇಟ್ಟಳು.

ನಾಳೆಯಿಂದ ಎಲ್ಲರೂ ಕೊಡ ತನ್ನಿ ಎಂದು ಹೇಳಿಯಾಗಿತ್ತು. ಅವತ್ತು ಸಂಜೆ ಪಂಚಾಯಿತಿಯ ಸದಸ್ಯರೊಬ್ಬರು ಬೈಕಿನಲ್ಲಿ ಬಂದರು. ಅಂಗನವಾಡಿಯ ಪಕ್ಕದ ಜಾಗ ಬಿಡಿಸಿಕೊಟ್ಟವರು, ಕರೆಂಟಿನ ಸಂಪರ್ಕಕ್ಕೆ ಓಡಾಡಿದವರು. ಅದನ್ನು ಇಲ್ಲ ಎನ್ನುವ ಹಾಗಿಲ್ಲ. ಎಲ್ಲ ನೋಡಿ, ಭೇಷ್ ಎಂದು, ಕೊನೆಗೆ ಹೇಳಿದರು. "ಉದ್ಘಾಟನೆ ಆಗ್ದೆ ಉಪಯೋಗಿಸಂಗಿಲ್ಲ. ದೊಡ್ಡವ್ರನ್ನ ಕರೆಸ್ತೀವಿ. ಡೇಟ್ ಕೊಡ್ತಾರೆ ಇಷ್ಟರಲ್ಲೆ."

ಮರುದಿನ ನಲ್ಲಿಗಳ ಮುಂದೆ ಕಬ್ಬಿಣದ ಜಾಲರಿಯ ಬಾಗಿಲು ಬಂತು, ಬೀಗ ಬಂತು, ಬಾಗಿಲಿನ ಅಡ್ಡಕ್ಕೆ ಕೆಂಪು ಟೇಪು ಬಂತು. ಹೆಸರು ಕೆತ್ತಿಸಿದ ಕಲ್ಲು ಸಾಗರದಿಂದ ಬರಬೇಕಿತ್ತು, ಅದೊಂದು ಬರಲಿಲ್ಲ.

ಮೊದಲ ದಿನಾಂಕ ಗೊತ್ತಾಯಿತು. ಹೆಂಗಸರು ಅಂಗಳ ಸಾರಿಸಿದರು. ಹಿಂದಿನ ದಿನ ಫೋನ್ ಬಂತು, ದೊಡ್ಡವರಿಗೆ ಬೇರೆಲ್ಲೋ ಕಾರ್ಯಕ್ರಮವಂತೆ. ಎರಡನೆಯದೂ ಹಾಗೆಯೇ ಹೋಯಿತು. ಈ ಮಧ್ಯೆ ಕುಡಿಯುವ ನೀರಿಗೆ ಜನ ಎಲ್ಲಿಗೆ ಹೋಗಬೇಕು? ರಾಟೆ ತೆಗೆದಾಗಿತ್ತು. ಮುಚ್ಚಳದ ಕಿಂಡಿಯಲ್ಲಿ ಸಣ್ಣ ಕೊಡಪಾನ ಇಳಿಬಿಟ್ಟು, ಬಗ್ಗಿ, ಸೊಂಟ ಹಿಡಿದುಕೊಂಡು ಅದೇ ನೀರನ್ನು ಸೇದುತ್ತಿದ್ದರು. ಟ್ಯಾಂಕು ಪಕ್ಕದಲ್ಲೇ ತುಂಬಿ ನಿಂತಿತ್ತು.

"ಮೊದ್ಲಾದ್ರೂ ಬಾವಿ ಇತ್ತು ಮೇಡಂ" ಎಂದರು ಅಧ್ಯಕ್ಷೆ. "ಈಗ ಅದೂ ಇಲ್ಲ, ಇದೂ ಇಲ್ಲ. ಜನ ನಂಗೆ ಉಗೀತಾ ಅವ್ರೆ."

ನಾನು ಬೆಂಗಳೂರಿಗೆ ಫೋನ್ ಮಾಡಿದೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ. ಉದ್ಘಾಟನೆ ಫೋಟೋ ನಮಗೂ ಬೇಕು" ಎಂದರು.

ಹುಡುಗಿ ತಾನೇ ಮಾತಾಡುತ್ತೇನೆ ಎಂದಳು. ಸದಸ್ಯರು ಬಂದ ದಿನ ಅವರೆದುರು ನಿಂತು, ಮೊದಲು ನನಗೆ ತಾಕೀತು ಮಾಡಿದಳು. "ಇವತ್ತು ಮೃದು ಮಾಡಬೇಡಿ. ನಾನು ಹೇಳಿದ ಹಾಗೆಯೇ ಹೇಳಿ." ಆಮೇಲೆ ಅವರತ್ತ ತಿರುಗಿ ಹೇಳಿದಳು. "ಇದು ಪ್ರತಿಮೆಯಲ್ಲ, ನೀರು. ಪರದೆ ಎಳೆಯುವ ತನಕ ಪ್ರತಿಮೆ ಕಾಯುತ್ತದೆ, ಜನ ಕಾಯುವುದಿಲ್ಲ. ಈ ಬೀಗದಿಂದ ಯಾರಾದರೂ ಕಾಯಿಲೆ ಬಿದ್ದರೆ ಅದಕ್ಕೆ ನೀವೇ ಹೊಣೆ."

ಒಂದು ಅಕ್ಷರ ಬಿಡದೆ ಹೇಳಿದೆ. ಸದಸ್ಯರು ಅವಳನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತ, "ಮೇಡಂ, ನೀವು ಓದಿದೋರು, ಹಿಂಗೆಲ್ಲ ಮಾತಾಡಬಾರ್ದು" ಎಂದರು.

"ನಾನಲ್ಲ ಹೇಳಿದ್ದು, ಅವಳು."

"ಅವಳಿಗೆ ಎಂತ ಗೊತ್ತು? ಪರದೇಶದೋಳು. ಹೇಳಿಕೊಡೋರು ಹೇಳಿಕೊಟ್ರೆ ಹೇಳ್ತಾಳೆ."

ಹುಡುಗಿ "ಏನಂದರು, ಏನಂದರು" ಎಂದು ನನ್ನ ತೋಳು ಜಗ್ಗುತ್ತಿದ್ದಳು.

ಮೂರನೆಯ ದಿನಾಂಕಕ್ಕೆ ಮಳೆ ಬಂತು. ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಕಾರ್ಯಕ್ರಮ ಮುಂದೆ ಹೋಯಿತು. ಹುಡುಗಿಯ ವಿಮಾನದ ಟಿಕೆಟ್ಟು ಮಾತ್ರ ಮುಂದೆ ಹೋಗುವ ಹಾಗಿರಲಿಲ್ಲ.

ಅವಳು ಹೊರಡುವ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಹೋದಾಗ ಅಂಗನವಾಡಿಯ ಮುಂದೆ ಯಾರೂ ಇರಲಿಲ್ಲ. ಟೇಪು ಮಳೆಗೆ ತೊಯ್ದು ಜೋತುಬಿದ್ದಿತ್ತು, ಬೀಗ ಹಾಗೇ ಇತ್ತು. ಹಿಂದಿನಿಂದ ಮಾತು, ಕೊಡದ ಸದ್ದು ಕೇಳಿಸಿತು. ಹೋಗಿ ನೋಡುತ್ತೇನೆ, ಹೆಂಗಸರೆಲ್ಲ ಸಾಲು ನಿಂತಿದ್ದಾರೆ. ಯುವಿ ದೀಪ ದಾಟಿದ ಮೇಲಿನ ಪೈಪಿಗೆ, ಗೋಡೆಯ ಹಿಂಬದಿಯಲ್ಲಿ, ಪರೀಕ್ಷೆಗೆ ನೀರು ಹಿಡಿಯಲೆಂದು ಹುಡುಗಿ ಮೊದಲೇ ಒಂದು ವಾಲ್ವು ಇಟ್ಟಿದ್ದಳು. ಅದಕ್ಕೆ ಹಸಿರು ಹೋಸು ಪೈಪು ಸಿಕ್ಕಿಸಿ, ಸ್ಪ್ಯಾನರಿನಿಂದ ಬಿಗಿ ಮಾಡಿ, ಕೊಡಗಳಿಗೆ ನೀರು ಬಿಡುತ್ತಿದ್ದಳು. ಕರೆಂಟು ಬಂದಿತ್ತು, ದೀಪ ಉರಿಯುತ್ತಿತ್ತು. ಒಬ್ಬ ಅಜ್ಜಿ ಬೊಗಸೆಯಲ್ಲಿ ಕುಡಿದು, "ಸಪ್ಪೆ" ಎಂದರು. ಆದರೂ ಕೊಡ ತುಂಬಿಸಿಕೊಂಡು ಹೋದರು.

ಸುದ್ದಿ ಹೋಗಿ ಸದಸ್ಯರು ಬಂದರು. ಮುಂದೆ ಬಂದು ಟೇಪು ನೋಡಿದರು, ಬೀಗ ಎಳೆದು ನೋಡಿದರು. ಎರಡೂ ಸರಿಯಾಗೇ ಇದ್ದವು. ಹಿಂದೆ ಬಂದು ಹೋಸು ನೋಡಿದರು. ಏನು ತಪ್ಪು ಹಿಡಿಯಬೇಕೆಂದು ಅವರಿಗೆ ತಕ್ಷಣ ಹೊಳೆಯಲಿಲ್ಲ. ಯಥಾಪ್ರಕಾರ ನನ್ನ ಕಡೆ ತಿರುಗಿದರು.

"ಇದೆಲ್ಲ ನಿಮ್ದೇ ಉಪಾಯ ಅಂತ ಗೊತ್ತು ನಂಗೆ. ಆ ಹುಡ್ಗೀನ ಮುಂದಿಟ್ಕಂಡು..."

ಅಷ್ಟೂ ದಿನ ಬೇರೆಯವರ ಮಾತನ್ನೇ ಹೊತ್ತು ನನಗೆ ಸಾಕಾಗಿತ್ತು. "ನನ್ನ ಉಪಾಯ ಅಲ್ಲ" ಎಂದೆ. "ಆದ್ರೆ ನಂದೇ ಆಗಿದ್ರೆ ಚೆನ್ನಾಗಿತ್ತು. ನೀವು ಎಷ್ಟು ದಿನದಿಂದ ಈ ಹೆಂಗಸರು ಕಿಂಡೀಲಿ ಬಗ್ಗಿ ನೀರು ಸೇದೋದನ್ನ ನೋಡ್ತಾ ಬೈಕಲ್ಲಿ ಓಡಾಡ್ತಿದೀರಿ? ನಿಮ್ಮ ಮನೆ ನೀರು ಎಲ್ಲಿಂದ ಬರತ್ತೆ? ನಿಮ್ಮ ಟೇಪು ಅಲ್ಲೇ ಇದೆ, ಯಾವಾಗ ಬೇಕಾದ್ರೂ ಕತ್ತರಿಸಿಕೊಳ್ಳಿ. ಈ ಹೋಸ್ ಮುಟ್ಟಬೇಡಿ."

ಹುಡುಗಿ ಕೇಳಿದಳು, "ನಾನು ಹೇಳದೆ ಇರುವುದನ್ನು ಏನು ಹೇಳುತ್ತಿದ್ದೀರಿ?"

"ಇದು ನಂದು. ಅನುವಾದ ಇಲ್ಲ" ಎಂದೆ.

ಅಧ್ಯಕ್ಷೆ ಬಂದು ನನ್ನ ಪಕ್ಕ ನಿಂತರು. ಅವರ ಹಿಂದೆ ಇನ್ನಿಬ್ಬರು ಬಂದರು. ಸದಸ್ಯರು, "ಆಯ್ತಾಯ್ತು, ಉದ್ಘಾಟನೆ ತನಕ ಮಾತ್ರ. ಫೋಟೋದಲ್ಲಿ ಆ ಹೋಸ್ ಕಾಣಬಾರ್ದು" ಎಂದು ಬೈಕ್ ಹತ್ತಿದರು.

ಇದನ್ನು ಗೆಲುವು ಎಂದು ಯಾರಾದರೂ ಅಂದರೆ ನನಗೆ ರೇಗುತ್ತದೆ. ಎರಡು ತಿಂಗಳ ದುಡಿಮೆಯ ಕೊನೆಗೆ ಒಂದು ಊರಿನ ಜನ ತಮ್ಮದೇ ನೀರನ್ನು ಹಿತ್ತಿಲಿನಿಂದ ಕದ್ದ ಹಾಗೆ ಹಿಡಿಯಬೇಕಾಯಿತು. ಸಾಗರದ ಸ್ಟೇಷನ್ನಿನಲ್ಲಿ ಹುಡುಗಿಯೂ ಖುಷಿಯಾಗಿರಲಿಲ್ಲ. "ವರದಿಯಲ್ಲಿ ಕೆಲಸ ಮುಗಿದಿದೆ ಎಂದು ಬರೆಯಬೇಕು. ಮುಗಿದಿದೆಯಾ?" ಎಂದು ಕೇಳಿದಳು. ಅಧ್ಯಕ್ಷೆ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಸೋರುತ್ತದೋ ಏನೋ ಎಂದು ಇಬ್ಬರೂ ಸೇರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆವು. ಅಷ್ಟರಲ್ಲಿ ರೈಲು ಬಂತು.

ಉದ್ಘಾಟನೆ ನಡೆದದ್ದು ಜೋರು ಮಳೆಯಲ್ಲಿ. ನಿರೂಪಣೆಗೆ ನನ್ನನ್ನೇ ಕರೆದಿದ್ದರು. ಅಧ್ಯಕ್ಷೆಯ ಮುಖ ನೋಡಿ ಹೋದೆ. ಅವತ್ತು ಕರೆಂಟು ಇರಲಿಲ್ಲ, ಪಂಪು ನಡೆಯದೆ ಟ್ಯಾಂಕು ಬರಿದಾಗಿತ್ತು. ದೊಡ್ಡವರು ಟೇಪು ಕತ್ತರಿಸಿದರು, ನಲ್ಲಿ ತಿರುಗಿಸಿದರು, ಗಾಳಿ ಬಂತು. ಯಾರೋ ಹೊಸನಗರದಿಂದ ತಂದ ಬಾಟಲಿಯ ನೀರನ್ನು ಗಾಜಿನ ಲೋಟಕ್ಕೆ ಹೊಯ್ದು ಅವರ ಕೈಗೆ ಕೊಟ್ಟರು. ಫೋಟೋ ಚೆನ್ನಾಗಿ ಬಂತು. ಮೈಕು ಹಿಡಿದುಕೊಂಡು ನಾನು ಎಲ್ಲರಿಗೂ ವಂದನೆ ಹೇಳಿದೆ.

ದೀಪಾವಳಿಯ ರಜೆಯಲ್ಲಿ ಮತ್ತೆ ಹೋಗಿದ್ದೆ. ಕರೆಂಟಿದ್ದಾಗ ನಲ್ಲಿಯಲ್ಲಿ ಒಳ್ಳೆಯ ನೀರು ಬರುತ್ತದೆ, ಇಲ್ಲದ ದಿನ ಕುದಿಸಿ ಕುಡಿಯುತ್ತಾರೆ. ಆ ಮಳೆಗಾಲದಲ್ಲಿ ಅಧ್ಯಕ್ಷೆಯ ಮನೆಯಲ್ಲಿ ಯಾರಿಗೂ ಕಾಮಾಲೆ ಆಗಲಿಲ್ಲ. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದ್ದಾಳೆ. ನಾಲ್ಕು ನಲ್ಲಿಯಲ್ಲಿ ಎರಡು ಸೋರುತ್ತಿದ್ದವೆಂದು ಕಟ್ಟಿಹಾಕಿದ್ದರು. ಕ್ರಿಮಿ ಕೊಲ್ಲುವ ದೀಪದ ಆಯಸ್ಸು ಮುಗಿಯುವ ಮೊದಲು ಹೊಸದು ತರಿಸಬೇಕು. ಅದನ್ನು ಯಾರು ಕಳಿಸಬೇಕೆಂದು ಪಂಚಾಯಿತಿಯವರು ಸಂಸ್ಥೆಯ ಕಡೆ, ಸಂಸ್ಥೆಯವರು ಪಂಚಾಯಿತಿಯ ಕಡೆ ಬೆರಳು ತೋರಿಸುತ್ತಾರೆ. ಹುಡುಗಿ ಫಿನ್‌ಲೆಂಡಿನಿಂದ ಮೆಸೇಜು ಮಾಡಿ ದೀಪದ ಬಗ್ಗೆಯೇ ಕೇಳುತ್ತಾಳೆ. ನಾನು ಬೆಂಗಳೂರಿಗೆ ಫೋನ್ ಮಾಡುತ್ತೇನೆ. ಒಂದು ದನಿ ನನ್ನ ಹೆಸರು ಕೇಳುತ್ತದೆ, ಯಾವ ಊರು ಎನ್ನುತ್ತದೆ, ಬರೆದುಕೊಂಡಿದ್ದೇವೆ ಎನ್ನುತ್ತದೆ. ಮೊನ್ನೆ ಆ ಕಡೆ ಇದ್ದವರು ಹೊಸಬರು. ಮೊದಲಿನಿಂದ ಎಲ್ಲ ಹೇಳಿ ಎಂದರು, ಹೇಳಿದೆ.